ಪೇಟೆಯಲ್ಲಿಯೂ ಸದಾಚಾರ

ವೀರಶೈವ ಧರ್ಮದ ಪಂಚಾಚಾರಗಳಲ್ಲಿ ಸದಾಚಾರವೂ ಒಂದು. ಧರ್ಮಮಾರ್ಗದಿಂದ ಗಳಿಸಿದ ದ್ರವ್ಯದಿಂದ ಗುರು, ಲಿಂಗ, ಜಂಗಮರನ್ನು ತೃಪ್ತಿಪಡಿಸುವುದೇ ಸದಾಚಾರವೆಂದು ಆಗಮಗಳು ಅದರ ಲಕ್ಷಣವನ್ನು ನಿರೂಪಿಸುತ್ತವೆ. ಈ ಮಾತಿನ ಉತ್ತರಾರ್ಧವನ್ನು ನಮ್ಮ ಸದ್ಭಕ್ತರು ಚೆನ್ನಾಗಿ ಬಲ್ಲರು. ಜಾತ್ರೆ ಬಂದರೆ ಚೀಲಗಟ್ಟಲೆ ಅಕ್ಕಿ, ಜೋಳ, ಬೆಲ್ಲ ಶ್ರೀಮಠಕ್ಕೆ ಬರುತ್ತವೆ. ಪೂರ್ವಾರ್ಧವನ್ನು ಮಾತ್ರ ನಾವೆಲ್ಲರೂ ಮೆಲ್ಲಗೆ ಮರೆಯುತ್ತೇವೆ. ಆ ದ್ರವ್ಯ ಧರ್ಮಮಾರ್ಗದಿಂದ ಬಂದಿತೇ ಎಂದು ಕೊಡುವವರು ನೆನೆಯುವುದಿಲ್ಲ, ತೆಗೆದುಕೊಳ್ಳುವ ಮಠದವರು ಕೇಳುವುದಿಲ್ಲ. ಇಂದು ಆ ಪೂರ್ವಾರ್ಧದ ಬಗ್ಗೆ ನಾಲ್ಕು ಮಾತು ಹೇಳಬೇಕೆನಿಸಿದೆ. ಅದರಲ್ಲಿಯೂ ನಮ್ಮ ಊರಿನವನಲ್ಲದ, ನಮ್ಮ ಭಾಷೆಯವನಲ್ಲದ, ನಮ್ಮ ಮತದವನಲ್ಲದ ಮನುಷ್ಯನೊಡನೆ ಕೊಡುಕೊಳ್ಳುವಿಕೆ ಮಾಡುವಾಗ ನಮ್ಮ ನಡೆ ಹೇಗಿರಬೇಕೆಂಬುದೇ ಈ ದಿನದ ವಿಚಾರ.

ಮೆಣಸಿನಕಾಯಿಯ ಸುಗ್ಗಿಯಲ್ಲಿ ಬ್ಯಾಡಗಿಯ ಪೇಟೆಯನ್ನು ನೋಡಿದವರಿಗೆ ಈ ಮಾತು ಬೇಗ ತಿಳಿಯುತ್ತದೆ. ಹಾವೇರಿ, ಗದಗ, ಧಾರವಾಡ, ಬಳ್ಳಾರಿ, ರಾಯಚೂರು ಸೀಮೆಗಳ ರೈತರ ಜೊತೆಗೆ ಆಂಧ್ರ, ತೆಲಂಗಾಣಗಳ ರೈತರೂ ಲಾರಿ ತುಂಬಿಕೊಂಡು ಅಲ್ಲಿಗೆ ಬರುತ್ತಾರೆ. ಕೊಳ್ಳುವವರು ದೇಶದ ನಾನಾ ಭಾಗದವರು. ಖಾರ ಕಡಿಮೆ, ಬಣ್ಣ ಹೆಚ್ಚು ಎಂದು ಹೆಸರಾದ ಆ ಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಆ ಕೆಂಪು ರಾಶಿಗಳ ನಡುವೆ ಕನ್ನಡ, ತೆಲುಗು, ಹಿಂದಿ, ಉರ್ದು, ಮರಾಠಿ ಎಲ್ಲವೂ ಕಿವಿಗೆ ಬೀಳುತ್ತವೆ. ಒಬ್ಬರ ಊಟ ಇನ್ನೊಬ್ಬರಿಗೆ ಒಗ್ಗದು, ಒಬ್ಬರ ಹಬ್ಬ ಇನ್ನೊಬ್ಬರಿಗೆ ತಿಳಿಯದು. ಆದರೂ ಅಲ್ಲಿ ಕೋಟಿಗಟ್ಟಲೆ ವ್ಯವಹಾರ ನಡೆಯುತ್ತದೆ. ಯಾವ ಆಧಾರದ ಮೇಲೆ?

ನಂಬಿಕೆಯ ಆಧಾರದ ಮೇಲೆ ಎಂದು ಥಟ್ಟನೆ ಹೇಳಿಬಿಡಬಹುದು. ಆದರೆ ಗುರುತಿಲ್ಲದವನನ್ನು ಯಾರೂ ಸುಮ್ಮನೆ ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ. ಇಬ್ಬರೂ ಒಪ್ಪಿದ ಒಂದು ನಡೆ ಮೊದಲು ಇರಬೇಕು. ಆ ನಡೆಯನ್ನು ಇಬ್ಬರೂ ಹತ್ತು ಸಲ ಕಾಯ್ದ ಮೇಲೆ ನಂಬಿಕೆ ತಾನಾಗಿ ಹಿಂದೆ ಬರುತ್ತದೆ. ಇದನ್ನು ನಾವು ಗ್ರಂಥ ನೋಡಿ ಹೇಳುತ್ತಿಲ್ಲ. ನಮ್ಮ ಮಠದಿಂದಲೇ ಆದ ಒಂದು ತಪ್ಪಿನಿಂದ ಕಲಿತದ್ದನ್ನು ಹೇಳುತ್ತಿದ್ದೇವೆ.

ನಾವು ಪೀಠಕ್ಕೆ ಬಂದ ಹೊಸತು. ಮಠಕ್ಕೆ ಕೆಲವು ಎಕರೆ ಎರೆಹೊಲವಿದೆ, ಅದರಲ್ಲಿ ಮೆಣಸಿನಗಿಡ ಹಾಕಿಸುತ್ತಿದ್ದೆವು. ಆಂಧ್ರದ ಕಡೆಯ, ತೆಲುಗು ಮಾತಿನ ಒಬ್ಬ ಮುಸಲ್ಮಾನ ವ್ಯಾಪಾರಸ್ಥರು ಪ್ರತಿವರ್ಷ ನಮ್ಮ ಸೀಮೆಯ ಹಳ್ಳಿಗಳಿಗೆ ಬಂದು ಕಣದಲ್ಲಿಯೇ ಖರೀದಿ ಮಾಡುತ್ತಿದ್ದರು. ಅವರಿಗೆ ಕನ್ನಡ ಅಷ್ಟಕ್ಕಷ್ಟೇ, ನಮ್ಮವರಿಗೆ ತೆಲುಗು ಬಾರದು. ಆದರೂ ವ್ಯವಹಾರ ನಡೆಯುತ್ತಿತ್ತು. ಜಾತ್ರೆಯ ದಿನ ಊರಲ್ಲಿದ್ದರೆ ಮಠಕ್ಕೆ ಬಂದು, ದೂರದಲ್ಲಿ ನಿಂತು ಕೈಮುಗಿದು, ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸಿ ಹೋಗುತ್ತಿದ್ದರು. ಒಂದು ವರ್ಷ ಅವರು ಬರಲಿಲ್ಲ. ಪಕ್ಕದ ಊರುಗಳಿಗೆ ಬಂದು ಹೋದರೆಂದು ಮಾತ್ರ ಸುದ್ದಿ ಬಂತು.

ಏಕೆಂದು ವಿಚಾರಿಸಿದರೆ ಮಠದ ವ್ಯವಸ್ಥಾಪಕರು ಹಾರಿಕೆಯ ಉತ್ತರ ಕೊಟ್ಟರು. ಕೊನೆಗೆ ಹೊಲದ ಆಳುಮಗ ಒಬ್ಬ ಬಂದು, ತಲೆ ಮೇಲೆತ್ತದೆ, "ಅಜ್ಜಾರ, ಹ್ವಾದ ವರ್ಷ ಚೀಲಾ ತುಂಬೂ ಹಿಂದಿನ ರಾತ್ರಿ ಕಾಯಿಗೆ ನೀರ ಹೊಡಿಸಿದ್ರರೀ. ತೂಕ ಬರ್ಲಿ ಅಂತ" ಎಂದು ಹೇಳಿದ. ವ್ಯವಸ್ಥಾಪಕರನ್ನು ಕರೆಸಿದೆವು. ಅವರು ಸುಳ್ಳಾಡಲಿಲ್ಲ. "ಎಲ್ಲಾರೂ ಮಾಡ್ತಾರ್ರೀ ಅಜ್ಜಾರ. ಅವರೂ ತೂಕದಾಗ ಕಳೀತಾರ. ನಾನೇನು ನನ್ನ ಮನೀಗೆ ಒಯ್ದಿಲ್ಲ, ರೊಕ್ಕ ಎಲ್ಲಾ ದಾಸೋಹಕ್ಕ ಹೋಗೇತಿ" ಎಂದರು. ಆ ಕೊನೆಯ ಮಾತು ನಮ್ಮನ್ನು ಚುಚ್ಚಿದಷ್ಟು ಬೇರಾವುದೂ ಚುಚ್ಚಲಿಲ್ಲ. ಆ ವರ್ಷ ಜಾತ್ರೆಗೆ ಬಂದ ಸಾವಿರಾರು ಭಕ್ತರು ಉಂಡ ಅನ್ನದಲ್ಲಿ ಆ ಹಣವೂ ಸೇರಿತ್ತು. ಅದೇ ಪಂಕ್ತಿಯಲ್ಲಿ ಮೋಸಹೋದವರೂ ಕುಳಿತು ಉಂಡಿದ್ದರು.

ವ್ಯವಸ್ಥಾಪಕರನ್ನು ಜೊತೆಗೆ ಕರೆದುಕೊಂಡು ಅವರ ಬಿಡಾರಕ್ಕೆ ನಾವೇ ಹೋದೆವು. ಪೀಠದ ಸ್ವಾಮಿಗಳು ವ್ಯಾಪಾರಸ್ಥನ ಬಿಡಾರಕ್ಕೆ ಹೋಗುವುದು ತರವಲ್ಲವೆಂದು ಕೆಲವು ಹಿರಿಯರು ತಡೆದರು. ಪಂಚಾಚಾರಗಳಲ್ಲಿ ಭೃತ್ಯಾಚಾರವೂ ಇದೆಯಲ್ಲ, ತಾನು ಎಲ್ಲರಿಗಿಂತ ಕಿರಿಯನೆಂಬ ಭಾವ ಅದು ಎಂದು ಹೇಳಿ ಹೊರಟೆವು. ಸಾಹೇಬರು ಗಾಬರಿಯಿಂದ ಎದ್ದು ನಿಂತರು. ಆದದ್ದನ್ನು ಮರೆಮಾಚದೆ ಹೇಳಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದು, ಅರೆಬರೆ ಕನ್ನಡದಲ್ಲಿ ಹೇಳಿದ ಮಾತಿನ ಸಾರ ಇಷ್ಟು: "ಸ್ವಾಮೀಜಿ, ನಾನೂ ಒಳ್ಳೆಯವನಲ್ಲ. ನಿಮ್ಮ ಸೀಮೆಯವರು ನೀರು ಹೊಡೆಯುತ್ತಾರೆಂದು ಪ್ರತಿ ಚೀಲಕ್ಕೆ ಎರಡು ಕಿಲೋ ಕಳೆಯುತ್ತಿದ್ದೆ. ನಾನು ಕಳೆಯುತ್ತೇನೆಂದು ಅವರು ನೀರು ಹೊಡೆಯುತ್ತಿದ್ದರು. ಮೊದಲು ಶುರು ಮಾಡಿದವರು ಯಾರೋ ಗೊತ್ತಿಲ್ಲ. ಆದರೆ ಮಠದ ಚೀಲಕ್ಕೆ ಮಾತ್ರ ನಾನು ಒಂದು ದಿನವೂ ಕಳೆದಿಲ್ಲ."

ಈ ಮಾತಿಗೆ ನಾವು ಏನು ಉತ್ತರ ಕೊಡಬಲ್ಲೆವು? ಊರೆಲ್ಲ ಬಿಟ್ಟು ನಂಬಿದ್ದ ಒಂದೇ ಕಣದಲ್ಲಿ ಅವರಿಗೆ ನಷ್ಟವಾಗಿತ್ತು. ಲೆಕ್ಕ ಮಾಡಿಸಿ ಹಣ ಮುಂದಿಟ್ಟೆವು. ಬೇಡವೆನ್ನುತ್ತಾರೆಂದು ವ್ಯವಸ್ಥಾಪಕರು ಎಣಿಸಿದ್ದರೋ ಏನೋ. ಅವರು ಬೇಡವೆನ್ನಲಿಲ್ಲ, ಎಣಿಸಿ ತೆಗೆದುಕೊಂಡರು. ಅದು ನಮಗೆ ಬಹಳ ಹಿಡಿಸಿತು. ಕ್ಷಮೆ ಬೇರೆ, ಲೆಕ್ಕ ಬೇರೆ. ಲೆಕ್ಕ ತೀರಿಸದೆ ಬರೀ ಕ್ಷಮೆ ಕೇಳುವುದು ಇನ್ನೊಂದು ಬಗೆಯ ವಂಚನೆಯೇ ಸರಿ.

ಅಂದು ಅಲ್ಲಿಯೇ ಒಂದು ನಡೆ ಗೊತ್ತುಮಾಡಿಕೊಂಡೆವು. ರಾಶಿಯ ತಳದಿಂದ, ನಡುವಿನಿಂದ, ಮೇಲಿನಿಂದ ಕಾಯಿ ತೆಗೆದು ಮುಷ್ಟಿಯಲ್ಲಿ ಹಿಡಿದು ಕಿವಿಯ ಹತ್ತಿರ ಅಲುಗಿಸುವುದು. ಒಳಗಿನ ಬೀಜ ಗಲಗಲ ಎಂದರೆ ಕಾಯಿ ಒಣಗಿದೆಯೆಂದು ಅರ್ಥ. ಬೀಜ ಸದ್ದು ಮಾಡದಿದ್ದರೆ ಇನ್ನೆರಡು ದಿನ ಬಿಸಿಲಿಗೆ ಹಾಕುವುದು. ಸದ್ದು ಮಾಡಿದರೆ ಎಲ್ಲರ ಎದುರು ತೂಗುವುದು, ಒಂದು ಗುಂಜಿಯನ್ನೂ ಕಳೆಯದಿರುವುದು. ಒಣಗಿದ ಕಾಯಿಯ ಸದ್ದಿಗೆ ಕನ್ನಡ, ತೆಲುಗು ಎಂಬ ಭೇದವಿಲ್ಲ. ಮಠದ ಕಣದಲ್ಲಿ ಆರಂಭವಾದ ಈ ಪದ್ಧತಿಯನ್ನು ಮುಂದೆ ಸುತ್ತಲಿನ ಎಂಟು ಹತ್ತು ಮನೆಯವರು ಹಿಡಿದರು. ಆ ಸಾಹೇಬರು ದುಡಿಯುವ ಶಕ್ತಿ ಇರುವವರೆಗೂ ಆ ಕಣಗಳಿಗೆ ಬರುತ್ತಿದ್ದರು.

ಇಲ್ಲಿ ಭಕ್ತರು ಒಂದು ವಿಷಯವನ್ನು ಗಮನಿಸಬೇಕು. ನೀರು ಹೊಡೆದವರಾಗಲಿ, ತೂಕ ಕಳೆದವರಾಗಲಿ ತಾವು ಕಳ್ಳರೆಂದು ತಿಳಿದಿರಲಿಲ್ಲ. ಎದುರಿನವನ ಕಳ್ಳತನದಿಂದ ನಮ್ಮನ್ನು ನಾವು ಕಾಪಾಡಿಕೊಳ್ಳುತ್ತಿದ್ದೇವೆ ಎಂದೇ ಇಬ್ಬರೂ ನಂಬಿದ್ದರು. ಭಾಷೆ ಬೇರೆ, ಮತ ಬೇರೆ ಆದಾಗ ಈ ರೋಗ ಬಹಳ ಬೇಗ ಹತ್ತುತ್ತದೆ. ಕೇಳಿ ತಿಳಿದುಕೊಳ್ಳಲು ಮಾತು ಬಾರದು, ಆದ್ದರಿಂದ ಮನಸ್ಸು ಕೆಟ್ಟದ್ದನ್ನೇ ಊಹಿಸುತ್ತದೆ. "ಆ ಜನಾನೇ ಹಂಗ" ಎಂಬ ಒಂದು ಮಾತಿನಲ್ಲಿ ಇಡೀ ಸಮುದಾಯಕ್ಕೆ ಅಪವಾದ ಹೊರಿಸಿಬಿಡುತ್ತೇವೆ. ಅವರೂ ತಮ್ಮ ಊರಿಗೆ ಹೋಗಿ ನಮ್ಮ ಬಗ್ಗೆ ಅದೇ ಮಾತನ್ನು ಆಡುತ್ತಾರೆ.

ವ್ಯಾಪಾರಂ ದ್ರೋಹಚಿಂತನಂ ಎಂಬ ಮಾತನ್ನು ಕೆಲವರು ಶಾಸ್ತ್ರವಾಕ್ಯದಂತೆ ಉಚ್ಚರಿಸುತ್ತಾರೆ. ಪೇಟೆಗೆ ಹೋದಮೇಲೆ ಧರ್ಮ ಎಲ್ಲಿಯದು ಎಂಬುದು ಅವರ ವಾದ. ನಮ್ಮ ಪರಂಪರೆ ಹಾಗೆ ಹೇಳುವುದಿಲ್ಲ. ಆಯ್ದಕ್ಕಿ ಮಾರಯ್ಯನವರ ಕಥೆಯನ್ನು ಹಿರಿಯರು ಪುರಾಣದಲ್ಲಿ ಕೇಳಿದ್ದೀರಿ. ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿ ಮನೆಗೆ ಬಂದಾಗ ಲಕ್ಕಮ್ಮ ತಾಯಿ ಅದನ್ನು ಒಲೆಗೆ ಹಾಕಲಿಲ್ಲ, ಸುರಿದು ಬನ್ನಿರೆಂದು ಗಂಡನನ್ನು ಹಿಂದಕ್ಕೆ ಕಳಿಸಿದಳು. ಆ ಅಕ್ಕಿಯನ್ನು ಯಾರೂ ಕದ್ದಿರಲಿಲ್ಲ. ಅಳತೆ ಮೀರಿತ್ತು, ಅಷ್ಟೇ. ಅಳತೆ ಮೀರಿದ ಅಕ್ಕಿಯಲ್ಲಿ ದಾಸೋಹ ಮಾಡಲು ಆಕೆಯ ಮನಸ್ಸು ಒಪ್ಪಲಿಲ್ಲ. ಹಾಗಿರುವಾಗ ನೀರಿನ ತೂಕದ ಹಣದಿಂದ ಪ್ರಸಾದ ಮಾಡಿದ ನಾವು ಆ ತಾಯಿಯ ಮುಂದೆ ಯಾವ ಮುಖವಿಟ್ಟು ನಿಲ್ಲಬೇಕು?

ಪರನಾಡಿನವರೊಡನೆ ವ್ಯಾಪಾರ ಕನ್ನಡಿಗರಿಗೆ ಹೊಸದೇನೂ ಅಲ್ಲ. ಐಹೊಳೆಯ ಹೆಸರು ಹೊತ್ತ ಅಯ್ಯಾವೊಳೆ ಐನೂರ್ವರೆಂಬ ವರ್ತಕರ ಸಂಘ ಕನ್ನಡ, ತಮಿಳು, ತೆಲುಗು ನಾಡುಗಳಲ್ಲೆಲ್ಲ ಹಬ್ಬಿತ್ತು, ಸಮುದ್ರ ದಾಟಿ ಸಿಂಹಳಕ್ಕೂ ಹೋಗಿತ್ತು. ಸುಮಾತ್ರಾ ದ್ವೀಪದ ಬಾರುಸ್ ಎಂಬಲ್ಲಿ ದೊರೆತ ಕ್ರಿ.ಶ. 1088ರ ತಮಿಳು ಶಾಸನದಲ್ಲಿ ಈ ಐನೂರ್ವರ ಹೆಸರಿದೆ. ಹಡಗಿನವರು ಕೊಡಬೇಕಾದ ಕಾಣಿಕೆಯನ್ನು ಕಸ್ತೂರಿಯ ಬೆಲೆಗೆ ಹೊಂದಿಸಿ ಚಿನ್ನದಲ್ಲಿ ಗೊತ್ತುಮಾಡಿದ ವಿಷಯ ಅದರಲ್ಲಿ ಬರುತ್ತದೆ. ಎಲ್ಲಿಯ ಐಹೊಳೆ, ಎಲ್ಲಿಯ ಸುಮಾತ್ರಾ! ಅಷ್ಟು ದೂರದಲ್ಲಿ ಅವರು ಮೊದಲು ಮಾಡಿದ ಕೆಲಸ ಕೊಡುಕೊಳ್ಳುವ ಅಳತೆಯನ್ನು ಎಲ್ಲರಿಗೂ ಕಾಣುವಂತೆ ಕಲ್ಲಿನಲ್ಲಿ ಕೆತ್ತಿದ್ದು. ಆ ಸಂಘದಲ್ಲಿ ಶೈವರಿದ್ದರು, ಜೈನರಿದ್ದರು, ವೈಷ್ಣವರಿದ್ದರು. ತಾವು ಒಪ್ಪಿಕೊಂಡ ಕಟ್ಟಳೆಗೆ ಅವರು ಬಣಂಜು ಧರ್ಮವೆಂದೇ ಹೆಸರಿಟ್ಟರು. ವ್ಯಾಪಾರದ ಕಟ್ಟಳೆಯನ್ನು ಧರ್ಮವೆಂದು ಕರೆದ ಆ ಹಿರಿಯರೆಲ್ಲಿ, ಪೇಟೆಯಲ್ಲಿ ಧರ್ಮವೆಲ್ಲಿಯದು ಎನ್ನುವ ನಾವೆಲ್ಲಿ?

ಕ್ರಿ.ಶ. 1204ರ ಬೆಳಗಾವಿಯ ಶಾಸನದಲ್ಲಿ ಲಾಳ ದೇಶದ, ಅಂದರೆ ಗುಜರಾತಿನ, ಮತ್ತು ಮಲೆಯಾಳದ ವರ್ತಕರು ಇಲ್ಲಿಯ ವರ್ತಕರೊಡನೆ ಕೂಡಿ ಅಲ್ಲಿಯ ಜಿನಾಲಯಕ್ಕೆ ಆಯ ಬಿಟ್ಟುಕೊಟ್ಟ ಸಂಗತಿ ಬರುತ್ತದೆ. ಹೊರಗಿನಿಂದ ಬಂದವರು ಈ ಊರಿನ ಒಳ್ಳೆಯ ಕಾರ್ಯದಲ್ಲಿ ಪಾಲು ಕೊಟ್ಟರು, ಊರಿನವರು ಅವರನ್ನು ಸಭೆಯಲ್ಲಿ ಕೂರಿಸಿಕೊಂಡರು. ಇನ್ನು ನಮ್ಮ ಶರಣ ಆದಯ್ಯನವರು ಸೌರಾಷ್ಟ್ರದಿಂದ ವ್ಯಾಪಾರಕ್ಕೆಂದು ಪುಲಿಗೆರೆಗೆ, ಇಂದಿನ ಲಕ್ಷ್ಮೇಶ್ವರಕ್ಕೆ, ಬಂದವರು. ತಮ್ಮ ನಾಡಿನ ಸೋಮೇಶ್ವರನನ್ನು ಅಂಕಿತದಲ್ಲಿಟ್ಟುಕೊಂಡೇ ಕನ್ನಡದಲ್ಲಿ ವಚನ ರಚಿಸಿದರು. ಸರಕು ಮಾರಲು ಬಂದವರು ನಾಡಿನ ಮಾತನ್ನೇ ತಮ್ಮದಾಗಿಸಿಕೊಂಡರು. ಇಂದು ನಮ್ಮ ಪೇಟೆಗೆ ಬರುವ ತೆಲುಗು ರೈತನಿಗೆ ಎರಡು ಮಾತು ಕನ್ನಡ, ನಮ್ಮ ದಲಾಲರಿಗೆ ಎರಡು ಮಾತು ತೆಲುಗು ಬಂದರೆ ಯಾರ ಭಾಷೆಯೂ ಸವೆದು ಹೋಗುವುದಿಲ್ಲ.

ಹಳೆಯದೆಲ್ಲವೂ ಒಳ್ಳೆಯದೆಂದು ನಾವು ಹೇಳುವುದಿಲ್ಲ. ಜಾತ್ರೆಯ ದನದ ಪೇಟೆಯಲ್ಲಿ ಶಲ್ಯದ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕಟ್ಟುವುದನ್ನು ಹಿರಿಯರೆಲ್ಲ ಕಂಡಿದ್ದೀರಿ. ಮಾತು ಬಾರದ ಇಬ್ಬರು ಬೆರಳಿನಿಂದಲೇ ಒಪ್ಪಂದಕ್ಕೆ ಬರುವ ಜಾಣತನ ಅದರಲ್ಲಿದೆ. ಆದರೆ ಶಲ್ಯದ ಕೆಳಗೆ ನಡೆದದ್ದು ಮೂರನೆಯವನಿಗೆ ಕಾಣುವುದಿಲ್ಲ. ನಡುವಿನ ದಲಾಲ ಮಾರುವವನ ಬೆರಳು ಒಂದು ಹಿಡಿದು, ಕೊಳ್ಳುವವನ ಬೆರಳು ಇನ್ನೊಂದು ಹಿಡಿದರೆ ಸಾಕ್ಷಿ ಹೇಳುವವರು ಯಾರು? ಆದ್ದರಿಂದ ಬೆಲೆ ಬಯಲಿಗೆ ಬರಬೇಕು. ಈಗ ಪೇಟೆಗಳಲ್ಲಿ ಗಣಕಯಂತ್ರದ ಮೂಲಕ ಇ-ಟೆಂಡರ್ ನಡೆಯುತ್ತಿರುವುದು ಒಳ್ಳೆಯದೇ. ಆದರೆ ಯಂತ್ರ ಬೆಲೆಯನ್ನು ತೋರಿಸುತ್ತದೆಯೇ ಹೊರತು, ಆ ಬೆಲೆ ಏಕೆ ಬಂತೆಂದು ರೈತನಿಗೆ ಸಮಾಧಾನ ಹೇಳುವುದಿಲ್ಲ.

2024ರ ಮಾರ್ಚ್ 11ರಂದು ಬ್ಯಾಡಗಿಯಲ್ಲಿ ನಡೆದದ್ದನ್ನು ಯಾರೂ ಮರೆತಿಲ್ಲ. ಬೆಲೆ ಏಕಾಏಕಿ ಕುಸಿಯಿತೆಂದು ರೊಚ್ಚಿಗೆದ್ದವರು ಮಾರುಕಟ್ಟೆಯ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು. ಮರುದಿನ ಮಠಕ್ಕೆ ಬಂದವರಲ್ಲಿ ಕೆಲವರು "ಹೊರಗಿನವರೇ ಮಾಡಿದ್ದು" ಎಂದರು, ಇನ್ನು ಕೆಲವರು "ವ್ಯಾಪಾರಸ್ಥರೇ ಕೂಡಿ ಬೆಲೆ ಇಳಿಸಿದ್ದು" ಎಂದರು. ತಪ್ಪು ಯಾರದೆಂದು ತೀರ್ಪು ಕೊಡುವುದು ನಮ್ಮ ಕೆಲಸವಲ್ಲ. ಬೆಂಕಿ ಹಚ್ಚುವುದು ಎಂದಿಗೂ ಸರಿಯಲ್ಲ. ಆದರೆ ಸಾಲ ಮಾಡಿ ಬೆಳೆದು, ಬಾಡಿಗೆ ಲಾರಿಯಲ್ಲಿ ನೂರಾರು ಮೈಲಿ ದಾಟಿ ಬಂದವನು, "ನಿನ್ನೆ ಆ ಬೆಲೆ ಇತ್ತು, ಇಂದು ಈ ಬೆಲೆ ಏಕೆ?" ಎಂದು ತನ್ನ ಭಾಷೆಯಲ್ಲಿ ಕೇಳಿ, ತನ್ನ ಭಾಷೆಯಲ್ಲಿ ಉತ್ತರ ಪಡೆಯುವ ಒಂದು ಕಟ್ಟೆ ಪ್ರತಿಯೊಂದು ದೊಡ್ಡ ಪೇಟೆಯಲ್ಲಿಯೂ ಇರಬೇಕೆಂಬುದು ನಮ್ಮ ಅಭಿಪ್ರಾಯ. ಆ ಕಟ್ಟೆಯ ಮೇಲೆ ರೈತರೂ, ವರ್ತಕರೂ, ಎರಡೂ ಭಾಷೆ ಬಲ್ಲ ಹಿರಿಯರೂ ಕೂಡಬೇಕು. ಕೇಳುವ ಜಾಗ ಇದ್ದಲ್ಲಿ ಕಲ್ಲೆತ್ತುವ ಕೈ ಸ್ವಲ್ಪ ತಡೆಯುತ್ತದೆ.

ಇಂದು ನಮ್ಮ ಸರಕು ನಾವೆಂದೂ ಕಾಣದ ಜನರ ಕೈ ಸೇರುತ್ತದೆ. ಮೆಣಸಿನಕಾಯಿಯಿಂದ ತೆಗೆದ ಬಣ್ಣದ ಸತ್ವ ಹೊರದೇಶಗಳಿಗೆ ಹೋಗುತ್ತದೆ. ನಮ್ಮ ರಾಜ್ಯದ ಹಲವು ಜಿಲ್ಲೆಗಳ ಸಣ್ಣ ರೈತರು ಬೆಳೆಯುವ ಮಿಡಿಸೌತೆ ಯುರೋಪು, ಅಮೆರಿಕಗಳ ಊಟದ ಮೇಜಿಗೆ ಹೋಗುತ್ತದೆ. ಅವರಿಗೆ ನಮ್ಮ ಮುಖ ತಿಳಿಯದು, ನಮ್ಮ ಮಾತು ತಿಳಿಯದು. ಅವರು ನೋಡುವುದು ಪರೀಕ್ಷೆಯ ಕಾಗದವನ್ನು ಮಾತ್ರ. ನೀರು ಹೊಡೆದ ಕಾಯಿಗೆ ಚೀಲದೊಳಗೆ ಬೂಷ್ಟು ಹತ್ತುತ್ತದೆ, ಆ ಬೂಷ್ಟಿನಿಂದ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ, ಅದು ಯಕೃತ್ತಿಗೆ ಕೇಡು ಮಾಡುತ್ತದೆ. ತೂಕ ಬರಲೆಂದು ರಾತ್ರಿ ಹೊಡೆದ ಎರಡು ಕೊಡ ನೀರು ಯಾವುದೋ ದೇಶದ ಮಗುವಿನ ತಟ್ಟೆಯವರೆಗೂ ಹೋದೀತೆಂಬ ಭಯ ನಮಗಿರಬೇಕು.

2003ರಲ್ಲಿ ಭಾರತದಿಂದ ಹೋದ ಮೆಣಸಿನ ಪದಾರ್ಥದಲ್ಲಿ ಸೂಡಾನ್ ಎಂಬ ಬಣ್ಣ ಬೆರೆಸಿದ್ದು ಫ್ರಾನ್ಸಿನಲ್ಲಿ ಪತ್ತೆಯಾಯಿತು. ಅದು ಆಹಾರಕ್ಕಲ್ಲ, ಕಾರ್ಖಾನೆಗೆ ಬಳಸುವ ಬಣ್ಣ. ಅಲ್ಲಿಂದ ಮುಂದೆ ಯುರೋಪಿನವರು ಪರೀಕ್ಷೆಯ ಕಾಗದವಿಲ್ಲದೆ ಮೆಣಸಿನ ಪುಡಿಯನ್ನು ಒಳಗೆ ಬಿಡದಂತಾಯಿತು. 2005ರಲ್ಲಿ ಅದೇ ಬಣ್ಣ ಸೇರಿದ ಪುಡಿಯ ದೆಸೆಯಿಂದ ಬ್ರಿಟನ್ನಿನ ಅಂಗಡಿಗಳಿಂದ ನೂರಾರು ಬಗೆಯ ತಿನಿಸುಗಳನ್ನು ಹಿಂದಕ್ಕೆ ತೆಗೆಯಬೇಕಾಯಿತು. ಬಣ್ಣ ಬೆರೆಸಿದವರು ಕೆಲವರೇ. ಪರೀಕ್ಷೆಯ ಖರ್ಚು, ಸಂಶಯದ ನೋಟ ಬಂದದ್ದು ದೇಶದ ಎಲ್ಲ ಮೆಣಸಿನಕಾಯಿಗೂ. ದೂರದವನಿಗೆ ನಾವು ಬಿಡಿಬಿಡಿಯಾಗಿ ಕಾಣುವುದಿಲ್ಲ. ನಮ್ಮಲ್ಲಿ ಒಬ್ಬನು ಮಾಡಿದ್ದು ಅವನ ಲೆಕ್ಕದಲ್ಲಿ ನಾವೆಲ್ಲರೂ ಮಾಡಿದ್ದು.

ಹಾಗೆಂದು ಭಾರವೆಲ್ಲ ರೈತನ ತಲೆಯ ಮೇಲೆಯೇ ಬೀಳಬಾರದು. ಮಿಡಿಸೌತೆಯಂಥ ಬೆಳೆಗೆ ಮುಂಚಿತವಾಗಿ ಬೀಜ, ಗೊಬ್ಬರ, ಔಷಧಿ ಕೊಟ್ಟು ಕರಾರು ಬರೆಸಿಕೊಳ್ಳುವವರಿಗೂ ನಮ್ಮದೊಂದು ಮಾತಿದೆ. ಕರಾರಿನ ಕಾಗದ ಸಹಿ ಹಾಕುವವನ ಭಾಷೆಯಲ್ಲಿರಬೇಕು. ಯಾವ ಗಾತ್ರದ ಕಾಯಿಗೆ ಎಷ್ಟು ಬೆಲೆ, ಯಾವ ಔಷಧಿಯನ್ನು ಕೊಯ್ಲಿಗೆ ಎಷ್ಟು ದಿನ ಮೊದಲು ನಿಲ್ಲಿಸಬೇಕು, ಮಾಲು ತಿರಸ್ಕಾರವಾದರೆ ನಷ್ಟ ಯಾರ ಪಾಲಿಗೆ ಎಂಬುದನ್ನು ಬಿತ್ತುವ ಮೊದಲೇ ಓದಿ ಹೇಳಬೇಕು. ಓದಲು ಬಾರದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು ಆಮೇಲೆ ರೈತ ಮಾತಿಗೆ ತಪ್ಪಿದನೆಂದು ದೂರುವುದು ನ್ಯಾಯವಲ್ಲ. ರೈತನೂ ಅಷ್ಟೇ. ಒಬ್ಬರ ಬೀಜ, ಗೊಬ್ಬರ ತೆಗೆದುಕೊಂಡು, ಎರಡು ರೂಪಾಯಿ ಹೆಚ್ಚಿಗೆ ಸಿಕ್ಕಿತೆಂದು ರಾತ್ರೋರಾತ್ರಿ ಇನ್ನೊಬ್ಬರ ಗಾಡಿಗೆ ಮಾಲು ತುಂಬಿಸಿದರೆ ಅದೂ ನೀರು ಹೊಡೆದ ಹಾಗೆಯೇ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ನಮ್ಮವರೊಡನೆ ಮಾತ್ರ ವ್ಯವಹಾರ ಮಾಡಿದರಾಯಿತು, ಈ ತಾಪತ್ರಯವೇ ಬೇಡ ಎನ್ನುವವರಿದ್ದಾರೆ. ನಮ್ಮವರಲ್ಲಿ ಮೋಸವಿಲ್ಲವೇ? ಅಣ್ಣತಮ್ಮಂದಿರ ಬದುವಿನ ಜಗಳಗಳೇ ಶ್ರೀಮಠಕ್ಕೆ ಹೆಚ್ಚಾಗಿ ಬರುತ್ತವೆ. ನಾವು ಬೆಳೆದ ಕಾಯಿಯನ್ನು ನಾವೇ ತಿಂದು ಮುಗಿಸುವುದಾದರೆ ಇಷ್ಟು ಎಕರೆ ಬಿತ್ತುವ ಅಗತ್ಯವೇ ಇರಲಿಲ್ಲ. ಪರನಾಡಿನವನು ಬರುವುದರಿಂದಲೇ ನಮ್ಮ ಮಕ್ಕಳ ಓದು, ಹೆಣ್ಣುಮಕ್ಕಳ ಮದುವೆ, ಮಠದ ದಾಸೋಹ ಎಲ್ಲವೂ ನಡೆದಿವೆ. ಎದುರಿಗೆ ನಿಂತವನ ಕೊರಳಲ್ಲಿ ಲಿಂಗವಿದೆಯೋ ಇಲ್ಲವೋ ಎಂದು ನೋಡಿ ತಕ್ಕಡಿ ಹಿಡಿಯಬೇಡಿ. ನಿಮ್ಮ ಕೊರಳಲ್ಲಿ ಲಿಂಗವಿದೆ ಎಂಬುದನ್ನು ನೆನೆದು ಹಿಡಿಯಿರಿ.

ಬರುವ ಸುಗ್ಗಿಗೆ ಭಕ್ತರಿಂದ ನಾವು ಬಯಸುವುದು ದೊಡ್ಡ ಕಾಣಿಕೆಯನ್ನಲ್ಲ. ಕಣದಲ್ಲಿ ಕಾಯಿಯನ್ನು ಪೂರ್ತಿ ಒಣಗಿಸಿರಿ. ರಾಶಿಯ ಮೇಲಿರುವುದೇ ತಳದಲ್ಲಿಯೂ ಇರಲಿ. ಕೊಳ್ಳುವ ವರ್ತಕರು ತೂಕವನ್ನು ಎಲ್ಲರ ಎದುರು ತೋರಿಸಿ, ಸಲ್ಲದ ಕಡಿತವನ್ನು ಬಿಡಲಿ. ಎಲ್ಲಿಯಾದರೂ ತಪ್ಪಾದರೆ ಆ ಮನುಷ್ಯನ ಬಿಡಾರಕ್ಕೆ ಹೋಗಿ ಲೆಕ್ಕ ತೀರಿಸಿರಿ. ನಾವು ಹೋಗಿದ್ದೇವೆ, ಅದರಿಂದ ಪೀಠಕ್ಕೆ ಯಾವ ಕುಂದೂ ಬರಲಿಲ್ಲ. ಅಂಥ ಕಣದಿಂದ ಒಂದು ಸೇರು ಧಾನ್ಯ ಮಠಕ್ಕೆ ಬಂದರೂ ಸಾಕು, ಅದರಲ್ಲಿ ಸದಾಚಾರದ ಎರಡು ಅರ್ಧಗಳೂ ಕೂಡಿರುತ್ತವೆ.

ಜಗದ್ಗುರು ರೇಣುಕಾದಿ ಪಂಚಾಚಾರ್ಯರೂ ಬಸವಾದಿ ಶರಣರೂ ಸಕಲರಿಗೂ ಸದ್ಬುದ್ಧಿಯನ್ನು ಕರುಣಿಸಲಿ. ಬಿತ್ತಿದವರಿಗೂ ಕೊಂಡವರಿಗೂ ಉಂಡವರಿಗೂ ಸನ್ಮಂಗಳವಾಗಲಿ.